ತಂಗಿ ಟಬ್ಬಿಗೆ ಇಳಿಯದ ಕಾರಣ

ನವೆಂಬರ್ ೧೪, ಶನಿವಾರ

ತಂಗಿ ಇವತ್ತೂ ಹಿತ್ತಲಿನ ಹಾಟ್ ಟಬ್ಬಿಗೆ, ಆ ಬಿಸಿನೀರಿನ ತೊಟ್ಟಿಗೆ, ಇಳಿಯಲಿಲ್ಲ. ಹಿಂದೆಲ್ಲ ನಮ್ಮ ಮನೆಗೆ ಬಂದರೆ ಬ್ಯಾಗು ಇಡುವ ಮೊದಲೇ ಹಿತ್ತಲಿಗೆ ಓಡುತ್ತಿದ್ದವಳು, ಅಂಚಿನಲ್ಲಿ ಕೂತು ಕಾಲಷ್ಟೇ ಇಳಿಬಿಟ್ಟಳು. ನಾನು ನೋಡಿಕೊಳ್ಳುವ ನೀರಿನ ಮೇಲೆ ಇವಳಿಗೆ ಅನುಮಾನವೇ? ಫಿಲ್ಟರ್ ತೊಳೆದು ಹೊಸ ನೀರು ತುಂಬಿದ್ದು ಮೊನ್ನೆಯಷ್ಟೇ. ಮೈ ಉರಿಯಿತು. ಅವಳೆದುರೇ ನೀರು ಪರೀಕ್ಷಿಸುವ ಪಟ್ಟಿ ಅದ್ದಿ, ಬಂದ ಬಣ್ಣ ತೋರಿಸಿದೆ.

"ನೋಡು, ಕ್ಲೋರಿನ್ ಸರಿಯಾಗಿದೆ. ಇನ್ನೇನು ಬೇಕು ನಿಂಗೆ?"

"ಗಲೀಜು ಅಂತ ನಾನೆಲ್ಲಿ ಅಂದೆ? ಬಿಸಿ ಎಷ್ಟಿದೆ?"

"ನಲವತ್ತು ಡಿಗ್ರಿ. ಯಾವಾಗ್ಲೂ ಅಷ್ಟೇ ತಾನೇ?"

ಅವಳು ಕಾಲನ್ನೂ ಮೇಲಕ್ಕೆ ಎಳೆದುಕೊಂಡಳು. ಗಂಡನ ಜೊತೆ ಜಗಳವಾಡಿ ಬಂದಿದ್ದಾಳೋ, ಮೈಮೇಲಿನ ಗಾಯ ಕಾಣಬಾರದು ಎಂದು ಬಟ್ಟೆ ಬಿಚ್ಚುತ್ತಿಲ್ಲವೋ ಎಂದು ನನ್ನ ತಲೆ ಎಲ್ಲೆಲ್ಲಿಗೋ ಓಡಿತು.

"ಅವನು ಹೊಡೆದನಾ?" ಕೇಳಿಯೇಬಿಟ್ಟೆ.

"ಅಯ್ಯೋ, ಏನಕ್ಕಾ ನೀನು!" ಎಂದು ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಳು. "ಬಸುರಿ ಬಿಸಿನೀರಲ್ಲಿ ಕೂರಬಾರದು, ಮಗೂಗೆ ಒಳ್ಳೇದಲ್ಲ ಅಂದಿದ್ದಾರೆ ಡಾಕ್ಟರು. ಹೋದ ಸಲ ನಿಲ್ಲಲಿಲ್ವಲ್ಲ, ಅದಕ್ಕೇ ಯಾರಿಗೂ ಹೇಳಿಲ್ಲ. ಅಮ್ಮಂಗಂತೂ ಹೇಳ್ಬೇಡ."

ಟಬ್ಬಿನ ಮುಚ್ಚಳ ಎಳೆದು ಬೀಗ ಹಾಕಿದೆ. ಒದ್ದೆ ನೆಲದಲ್ಲಿ ಜಾರಿಯಾಳೆಂದು ಅವಳ ಕೈ ಹಿಡಿದೇ ಒಳಗೆ ಕರೆತಂದೆ.

ಊಟಕ್ಕೆ ಕೂತಾಗ, ನನ್ನ ಜೊತೆಗೇ ಇರುವ ಅಮ್ಮ, ಯಾರೂ ಕೇಳದಿದ್ದರೂ, ಎದ್ದು ಹೋಗಿ ತಂಗಿಯ ಬೆನ್ನಿಗೆ ದಿಂಬು ತಂದಿಟ್ಟಳು. ನನ್ನ ಕಡೆ ಮಾತ್ರ ತಿರುಗಲೇ ಇಲ್ಲ. ಅಮ್ಮನಿಗೆ ಮೊದಲೇ ಗೊತ್ತಿತ್ತಾ? ಗೊತ್ತಿದ್ದೂ ಇಷ್ಟು ದಿನ ನನ್ನೆದುರು ಹೇಗೆ ಸುಮ್ಮನೆ...