ಒಲೆಯ ಮೇಲಿದ್ದ ಲಗ್ನಪತ್ರಿಕೆ

ಪ್ರಭು,

ಹತ್ತು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಬಂದವನೇ ಚಾರ್ಜರ್ ಹುಡುಕುತ್ತೀಯ ಅಂತ ಗೊತ್ತು. ಅದಕ್ಕೇ ಚೀಟಿಯನ್ನು ಅದರ ಕೆಳಗೆ ಇಟ್ಟಿದ್ದೇನೆ.

ನಾನು ತರಕಾರಿಗೆ ಹೋಗಿದ್ದಾಗ ನಮ್ಮಣ್ಣ ಬಂದಿದ್ದನಂತೆ. ಓನರ್ ಆಂಟಿ ತಮ್ಮ ಹತ್ತಿರವಿದ್ದ ನಮ್ಮ ಮನೆಯ ಇನ್ನೊಂದು ಕೀ ಕೊಟ್ಟು ಒಳಗೆ ಬಿಟ್ಟಿದ್ದಾರೆ.

ಒಲೆಯ ಮೇಲೆ ಲಗ್ನಪತ್ರಿಕೆ ಇಟ್ಟು ಹೋಗಿದ್ದಾನೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ವಧು ನಾನಂತೆ, ವರ ಮತ್ತೋಡು ಊರಿನ ನನ್ನ ಸೋದರಮಾವ. ಮುಹೂರ್ತ ಈ ಶುಕ್ರವಾರ. ನಮ್ಮ ರಿಜಿಸ್ಟರ್ ಮದುವೆಯಾಗಿ ಇಪ್ಪತ್ತು ದಿನವಾಯಿತು ಅಂತ ಗೊತ್ತಿದ್ದೂ ಅಚ್ಚು ಹಾಕಿಸಿದ್ದಾರೆ.

ಜೋಗದ ಫೋಟೊ ಬೇಕಾದರೆ ಹಾಕಿಕೊ, ಹೊಸ ಮನೆ ಬಾಗಿಲಿನದು ಮಾತ್ರ ಸ್ಟೇಟಸ್‌ಗೆ ಬೇಡ ಅಂತ ಬಡಕೊಂಡೆ. ಕೇಳಿದೆಯಾ? ಆ ಫೋಟೊದಲ್ಲಿ ನಮ್ಮ ಬೆನ್ನ ಹಿಂದೆ ಬೀದಿಯ ಬೋರ್ಡ್ ಎಷ್ಟು ಚೆನ್ನಾಗಿ ಕಾಣುತ್ತದೆ, ಈಗ ನೋಡು.

ಮದುವೆ ಸರ್ಟಿಫಿಕೇಟ್ ತೆಗೆದುಕೊಂಡು ಠಾಣೆಗೆ ಹೋಗುತ್ತಿದ್ದೇನೆ. ಇದನ್ನು ಓದಿದ ತಕ್ಷಣ ನೀನೂ ಅಲ್ಲಿಗೇ ಬಾ. ಶೂ ಬಿಚ್ಚಬೇಡ, ಮುಖ ತೊಳೆಯುತ್ತಾ ನಿಲ್ಲಬೇಡ. ಬುತ್ತಿ ಕಟ್ಟಿಟ್ಟಿದ್ದೇನೆ, ತಗೊಂಡು ಬಾ, ಅಲ್ಲೇ ಇಬ್ಬರೂ ಉಣ್ಣೋಣ.

ಕೀ ಎಲ್ಲಿ ಅಂತ ಆಂಟಿಯನ್ನು ಕೇಳಿದೆ. ನಗುತ್ತಾ ಹೇಳಿದರು: "ನಿಮ್ಮಣ್ಣನ ಹತ್ರಾನೇ ಐತೆ ಕಣಮ್ಮ. ಸಂಜೆ ನಿಮ್ಮ ಯಜಮಾನ್ರು ಬಂದ ಮೇಲೆ ಅವರ ಕೈಗೇ ಕೊಡ್ತೀನಿ ಅಂದ್ರು."

ರೋಜಾ