ಮೂರನೇ ಪೆಡಲ್

ವ್ರಾನಾ ಹಾಲ್, ಟೆಕ್ಸಾಸ್
೪ ಅಕ್ಟೋಬರ್ ೨೦೦೪

ಪ್ರೀತಿಯ ವೆಂಡೆಲ್‌ಗೆ,

ಬಿಟ್ಟುಹೋದ ಹೆಂಡತಿಯ ಕಾಗದ ಅಂತ ಹರಿದುಹಾಕಬೇಡ, ಪೂರ್ತಿ ಓದು. ಹದಿನೇಳನೇ ತಾರೀಕು ಭಾನುವಾರ ನಮ್ಮ ಡ್ಯಾನ್ಸ್ ಹಾಲ್‌ಗೆ ನೂರು ವರ್ಷ ತುಂಬುತ್ತದೆ. ಹಳೆಯ ಬ್ಯಾಂಡಿನವರೆಲ್ಲ ಬರುತ್ತಿದ್ದಾರೆ. ಪಿಟೀಲಿಗೆ ನಾನಿದ್ದೇನೆ, ಸ್ಟೀಲ್ ಗಿಟಾರಿಗೆ ನೀನೇ ಬೇಕು. ಬೇರೆ ಯಾರನ್ನೂ ಕೇಳಿಲ್ಲ, ಕೇಳುವುದೂ ಇಲ್ಲ.

ನಿನ್ನೆ ನಮ್ಮ ಡ್ರಮ್ಸ್ ಎಮಿಲ್ ಬಂದಿದ್ದ. ಹಳೆಯದನ್ನೆಲ್ಲ ಕೆದಕಿದೆವು. ಸೆಕೆಗೆ ಕಿಟಕಿಯ ಹಲಗೆಗಳನ್ನು ಕೋಲು ಕೊಟ್ಟು ಎತ್ತಿ ನುಡಿಸುತ್ತಿದ್ದದ್ದು, ಬೆಂಚಿನಡಿ ಮಕ್ಕಳನ್ನು ಮಲಗಿಸಿ ತಾಯಂದಿರು ಕುಣಿಯುತ್ತಿದ್ದದ್ದು, ಬೂಟು ಚೆನ್ನಾಗಿ ಜಾರಲೆಂದು ನೆಲಕ್ಕೆ ಮೆಕ್ಕೆಜೋಳದ ಹಿಟ್ಟು ಎರಚುತ್ತಿದ್ದದ್ದು. "ನಿನ್ ಗಂಡ ವಾಲ್ಟ್ಸ್ ಶುರು ಮಾಡಿದ್ರೆ ಜಗಳ ಆಡಿದ್ ಜೋಡಿನೂ ಕುಣಿಯೋಕೆ ಎದ್ ಬರ್ತಿತ್ತು ಕಣೇ ಲವಾನ್. ನೀವಿಬ್ರೇ ಸರಿಹೋಗ್ಲಿಲ್ಲ ನೋಡು" ಅಂತ ಚುಚ್ಚಿದ. ನಕ್ಕೆ.

ಎಪ್ಪತ್ತಮೂರರ ಆ ಭಾನುವಾರ ರೇಡಿಯೊದವರು ಬಂದಿದ್ದರು. ಜಿಲ್ಲೆಯೆಲ್ಲ ಕೇಳುತ್ತಿರುವಾಗ ನೀನು ಗಿಟಾರಿನ ಕೆಳಗೆ ಕಾಲಲ್ಲಿ ಒತ್ತಿದ ಮೂರನೇ ಪೆಡಲ್ ಮತ್ತೆ ಮೇಲೇಳಲಿಲ್ಲ, ತಂತಿ ಬಿಗಿದೇ ಉಳಿಯಿತು. ವಾಲ್ಟ್ಸ್ ಇಡೀ ಅಪಸ್ವರ. "ನನ್ ಕಾಲೇ ಕೈಕೊಡ್ತು, ಇನ್ ಮುಟ್ಟಲ್ಲ" ಅಂದೆ ನೀನು. ಮರುದಿನವೇ ಗಿಟಾರ್ ಮಾರಿದೆ, ಮನೆಯಲ್ಲಿ ಮಾತೂ ಬಿಟ್ಟೆ. ಮಾತಾಡದ ಗಂಡನ ಜೊತೆ ಬಾಳಲಾಗದು ಅಂತ ಊರಿಗೆಲ್ಲ ಹೇಳಿಕೊಂಡು ನಾನು ಹೊರಟುಬಂದೆ. ಅದು ಅರ್ಧ ಸತ್ಯ.

ಎಮಿಲ್ ಬರಿಗೈಯಲ್ಲಿ ಬಂದಿರಲಿಲ್ಲ, ಮಹರಾಯ. ನಿನ್ನ ಗಿಟಾರನ್ನೇ ಹೊತ್ತು ತಂದಿದ್ದ! ಕೊಂಡವನು ಒಮ್ಮೆಯೂ ನುಡಿಸದೆ ಪೆಟ್ಟಿಗೆಯಲ್ಲೇ ಇಟ್ಟಿದ್ದನಂತೆ. ಈಗ ಅದು ವೇದಿಕೆಯ ಮೇಲಿದೆ, ನಿನ್ನ ಜಾಗದಲ್ಲೇ. ನಿನ್ನ ಕಾಲಿಗೆ ಅವತ್ತೂ ಏನೂ ಆಗಿರಲಿಲ್ಲ. ನೀನು ಬರುತ್ತೀಯ, ನನಗೆ ಗೊತ್ತು. ಗಸಗಸೆ ತುಂಬಿದ ಕೊಲಾಚಿ ಬನ್ನು ಮಾಡಿಟ್ಟಿರುತ್ತೇನೆ.

ಇಂದಿಗೂ ನಿನ್ನ ಬಲಗಡೆ ನಿಂತೇ ನುಡಿಸುವ,
ಲವಾನ್

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದ್ದು: ಗಿಟಾರನ್ನು ಬೋರಲು ಹಾಕಿ ತಟ್ಟಿದಾಗ ಮೂರನೇ ಪೆಡಲಿನ ಸರಳಿನಿಂದ ಗಟ್ಟಿಕಟ್ಟಿದ ಮೆಕ್ಕೆಜೋಳದ ಹಿಟ್ಟು ಉದುರಿತು. "ಸ್ಟೇಜ್ ಮೇಲ್ ಬೇಡ ಕಣೇ" ಅಂತ ನೀನು ಬಡಕೊಂಡರೂ, ಪಿಟೀಲು ನುಡಿಸುತ್ತಲೇ ಕುಣಿದು ಮೆರೆಯಬೇಕೆಂದು ಅವತ್ತು ವೇದಿಕೆಯ ಮೇಲೂ ಹಿಟ್ಟಿನ ಚೀಲ ಕೊಡವಿದವಳು ನಾನು. ನೀನು ನಿನ್ನ ಕಾಲನ್ನು ಬೈದುಕೊಳ್ಳುತ್ತಿದ್ದಾಗಲೇ ನನಗೆ ಅನುಮಾನವಿತ್ತು, ಬಾಯಿ ಬಿಡಲಿಲ್ಲ. ತಪ್ಪಾಯಿತು, ವೆಂಡೆಲ್. ಬಂದು ಎಲ್ಲರೆದುರೇ ಬೈಯಿ. ಬೈದಾದ ಮೇಲೆ ಆ ವಾಲ್ಟ್ಸ್ ನುಡಿಸು. ವೇದಿಕೆಯನ್ನು ನಾನೇ ಗುಡಿಸಿಟ್ಟಿದ್ದೇನೆ.