ಕಿಣ್ಣಿ ಸುಲ್ತಾನದ ಬೇಲಿಯೊಳಗಿನ ಹುಲ್ಲು

ಅತ್ತೆಯವರಿಗೆ ಸೊಸೆ ನೀಲಮ್ಮನ ಶರಣು.

ಮೊನ್ನೆ ಎಳ್ಳಮಾಸಿಗೆ ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು ಎಲ್ಲರೂ ಬೇವಿನ ಮರದ ಕೆಳಗೆ ಅಡ್ಡಾದಾಗ ನಿಮ್ಮ ನೆನಪು ಬಂತು. ನೀವಿದ್ದಿದ್ದರೆ ಮಲಗಲು ಬಿಡುತ್ತಿದ್ದಿರಾ? ಆ ಹುಲ್ಲಿನ ಕೆಲಸ ಏನಾಯಿತು, ಅಲ್ಲಿ ಏನು ನೋಡಿದೆ, ಏನು ತಿಂದೆ ಎಂದು ಒಂದೊಂದನ್ನೂ ಬಿಡಿಸಿ ಬಿಡಿಸಿ ಕೇಳುತ್ತಿದ್ದಿರಿ. ಹೋಗು ಎಂದು ಹೇಳಿದವರು ನೀವು. ನಾನು ಹೊರಡುವ ಮೊದಲೇ ನೀವು ಹೊರಟುಹೋದಿರಿ. ಇವತ್ತು ಶಾಲೆಗೆ ರಜೆ, ಮನೆಯಲ್ಲಿ ನಾನೊಬ್ಬಳೇ. ಹೇಳುತ್ತೇನೆ, ಕೇಳಿ.

ಮುನೀರ್ ಸಾಹೇಬರು ನಾನು ಕಲಿಸುವ ಶಾಲೆಗೆ ಬಂದ ದಿನ ನಿಮಗೆ ನೆನಪಿರಬೇಕು. ಶಿವರಾತ್ರಿ ಆಗಷ್ಟೇ ಮುಗಿದಿತ್ತು. ಹೈದರಾಬಾದಿನ ಕಾಲೇಜಿನಲ್ಲಿ ಗಿಡಮರಗಳ ಪಾಠ ಹೇಳುವವರು. ಬೇಸಿಗೆ ರಜೆಯಲ್ಲಿ ಜೇವರ್ಗಿ, ಅಫಜಲಪುರ, ನಮ್ಮ ಆಳಂದ ತಾಲೂಕುಗಳ ಗಾಯರಾಣಗಳಲ್ಲಿ, ಊರ ದನ ಮೇಯುವ ನೆಲಗಳಲ್ಲಿ, ಯಾವ ಹುಲ್ಲು ಎಲ್ಲಿ ಬೆಳೆಯುತ್ತದೆ, ದನ ಮೇಯ್ದ ಮೇಲೆ ಯಾವುದು ಉಳಿಯುತ್ತದೆ, ಮಳೆ ಬಿದ್ದರೆ ಯಾವುದು ತಿರುಗಿ ಬರುತ್ತದೆ ಎಂದು ನೋಡಲು ಹೊರಟಿದ್ದರು. ಹುಲ್ಲು ಕೊಯ್ಯುವ ಹೆಣ್ಣುಮಕ್ಕಳು ಅವರನ್ನು ಕಂಡರೆ ಸೆರಗು ಎಳೆದುಕೊಂಡು ಹೋಗಿಬಿಡುತ್ತಿದ್ದರಂತೆ. ಕನ್ನಡ, ಉರ್ದು ಎರಡೂ ಬಲ್ಲ ಹೆಂಗಸೊಬ್ಬಳು ಬೇಕೆಂದಾಗ ಹೆಡ್‌ಮಾಸ್ತರರು ನನ್ನ ಕಡೆ ಕೈ ತೋರಿಸಿದರು. ನಾನು ಸಂಜೆ ಮನೆಗೆ ಬಂದು, ನೀವು ಎಮ್ಮೆಗೆ ಹತ್ತಿಕಾಳು ಇಡುವಾಗ, ಬೇಡ ಎನ್ನುತ್ತೀರಿ ಎಂದುಕೊಂಡೇ ಹೇಳಿದೆ. ರಾತ್ರಿ ಎಲ್ಲಿ ಮಲಗುವುದು ಎಂದು ಕೇಳಿದಿರಿ. ಸಾಹೇಬರ ಹೆಂಡತಿ ಸಕೀನಾ ಬೇಗಂ ಜೊತೆಗೆ ಬರುತ್ತಾರೆ, ಅವರ ಬಳಿ ಎಂದೆ. ಅಡುಗೆ ಯಾರದು? ನಿನ್ನ ರೊಟ್ಟಿ ನೀನೇ ಬಡಿದುಕೊಳ್ಳುತ್ತೀಯಾ? ಹೂಂ ಎಂದೆ. ನೀವು ಕೈ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕೂತಿರಿ.

"ಹೋಗಿ ಬಾ. ಎಮ್ಮಿ ಮೇಯೋದನ್ನ ನಾ ಜನ್ಮೆಲ್ಲಾ ನೋಡೀನಿ. ಅದು ಏನ್ ಮೇಯ್ತದ ಅಂಬೋದು ನೀ ನೋಡಿ ಬಾ."

ಯುಗಾದಿ ಬರುವ ಮೊದಲೇ ಜ್ವರ ನಿಮ್ಮನ್ನು ಕರೆದುಕೊಂಡು ಹೋಯಿತು. ನಿಮ್ಮ ಮಗ ತೀರಿಕೊಂಡಾಗ ನನ್ನ ಬಳೆ ಒಡೆಯಲು ಬಂದವರನ್ನು ಹೊಸ್ತಿಲ ಆಚೆಗೇ ನಿಲ್ಲಿಸಿ, ಮರುವರ್ಷ ನನ್ನ ಕೈ ಹಿಡಿದು ಶಾಲೆಗೆ ಕರೆದೊಯ್ದವರು ನೀವು. ನಿಮ್ಮನ್ನು ಮಣ್ಣಿಗೆ ಕೊಟ್ಟು ಬಂದ ಮೇಲೆ ಆ ಹೊಸ್ತಿಲಲ್ಲಿ ನನ್ನ ಪರವಾಗಿ ನಿಲ್ಲುವವರು ಯಾರೂ ಇರಲಿಲ್ಲ. ಹುಲ್ಲಿನ ತಂಡದ ಮಾತು ಎತ್ತಿದಾಗ ನಿಮ್ಮ ಮೈದುನ, ಸಣ್ಣ ಮಾವನವರು, ಬೇಡವೆಂದರು. ಕಾಲ ಚೆನ್ನಾಗಿಲ್ಲ, ಊರು ಊರಲ್ಲಿ ಗುಸುಗುಸು, ಇಂಥ ಹೊತ್ತಿನಲ್ಲಿ ಪರಸ್ಥಳದವರ ಜೊತೆ ಹೆಣ್ಣುಮಗಳು ಹೊರಡುವುದೆಂದರೇನು ಎಂದರು. ಅವರದ್ದೂ ತಪ್ಪಲ್ಲ. ನಾನು ವಾದ ಮಾಡಲಿಲ್ಲ. "ಅತ್ತಿ ಹೂಂ ಅಂದಾರ್ರಿ" ಎಂದೆ, ಅಷ್ಟೇ. ನಾನು ಹೊರಡುವ ದಿನ ಬೆಳಿಗ್ಗೆ ಅವರೇ ಬಂದು ಎಮ್ಮೆಯನ್ನು ತಮ್ಮ ಕೊಟ್ಟಿಗೆಗೆ ಹೊಡೆದುಕೊಂಡು ಹೋದರು. ನೀವು ಇಲ್ಲದಾಗಲೂ ನಿಮ್ಮ ಮಾತು ನಡೆಯಿತು, ಅತ್ತೆ.

ಯಡ್ರಾಮಿಯ ಎರೆಹೊಲದ ಅಂಚಿನಲ್ಲಿ ಮೊದಲ ದಿನ ನಿಂತಾಗ ನನಗೆ ನಗು ಬಂತು. ಎಲ್ಲಿದೆ ಹುಲ್ಲು? ನೆಲ ಕೈ ಹೋಗುವಷ್ಟು ಬಾಯಿ ಬಿಟ್ಟಿತ್ತು. ಅಲ್ಲೊಂದು ಇಲ್ಲೊಂದು ಒಣಗಿದ ಬುಡ, ಮುದುಕರ ಗಡ್ಡದ ಹಾಗೆ. ಸಾಹೇಬರ ವಿದ್ಯಾರ್ಥಿ ಮಾಧವ ಎಂಬ ಮರಾಠಿ ಹುಡುಗ ಬಿದಿರಿನ ಚೌಕಟ್ಟೊಂದನ್ನು ನೆಲದ ಮೇಲೆ ಇಡುತ್ತಿದ್ದ. ಅದರೊಳಗೆ ಇರುವ ಬುಡಗಳನ್ನೆಲ್ಲ ಮಂಡಿಯೂರಿ ಎಣಿಸಿ, ಯಾವುದು ಯಾವುದೆಂದು ಬರೆದುಕೊಳ್ಳುವುದು ನನ್ನ ಕೆಲಸ. ಹಂಚಿ ಹುಲ್ಲು ನನಗೆ ಗೊತ್ತಿತ್ತು. ಸೀರೆಯ ಅಂಚಿಗೆ ಚುಚ್ಚಿಕೊಂಡು ಬರುವುದನ್ನು ನೀವು ನಾನು ಕೂತು ಎಷ್ಟು ಸಲ ಕಿತ್ತಿಲ್ಲ? ಉಳಿದವನ್ನು ಸಾಹೇಬರು ಮುರಿದು, ಮೂಸಿ, ಬೇರು ಬಿಡಿಸಿ ತೋರಿಸಿ ಕಲಿಸಿದರು. ಒಂದು ದಿನ ಅವರು ಗುಂಡಿ ತೋಡಿಸಿ, ಒಂದೇ ಬುಡದ ಬೇರನ್ನು ಮಣ್ಣಿನಿಂದ ಮೆತ್ತಗೆ ಬಿಡಿಸುತ್ತ ಹೋದರು. ಅಂಗೈ ಅಗಲದ ಬುಡ. ಬೇರು ಮಾತ್ರ ಸಾಹೇಬರ ಎದೆಯ ಮಟ್ಟಕ್ಕೆ ಬಂದರೂ ಮುಗಿಯಲಿಲ್ಲ. ಅದರ ಕೊನೆಯ ಎಳೆ ಬೆಳ್ಳಗೆ, ಹಸಿಯಾಗಿತ್ತು. ಆ ಉರಿಬಿಸಿಲಿನಲ್ಲಿ ಅದನ್ನು ಮುಟ್ಟಿ ನೋಡಿದಾಗ ಆದ ಖುಷಿಯನ್ನು ಹೇಗೆ ಹೇಳಲಿ... ಸತ್ತಿದೆ ಅಂದುಕೊಂಡಿದ್ದೆ, ಅತ್ತೆ. ಅದು ಸತ್ತಿರಲೇ ಇಲ್ಲ.

ಅಫಜಲಪುರದ ಹತ್ತಿರ ಭೀಮಾ ದಂಡೆಯಲ್ಲಿ ನಾವು ಇಳಿದುಕೊಂಡ ದಿನಗಳಲ್ಲಿ ನಾನು ದಪ್ಪಗಾದೆ ಎಂದರೆ ನಂಬುತ್ತೀರಾ? ಬೆಳಿಗ್ಗೆ ತಂಪಿನಲ್ಲಿ ಎಣಿಕೆ, ಬಿಸಿಲೇರಿದ ಮೇಲೆ ಹುಣಸೆಮರದ ನೆರಳಲ್ಲಿ ಹುಲ್ಲನ್ನು ಹಳೇ ಪತ್ರಿಕೆಗಳ ನಡುವೆ ಹರಡಿ ಕಲ್ಲು ಹೇರುವುದು, ಇಳಿಹೊತ್ತಿಗೆ ನದಿಯಲ್ಲಿ ಉಳಿದಿದ್ದ ನೀರಿನಲ್ಲಿ ಸ್ನಾನ. ಸಕೀನಾ ಬೇಗಂ ನನ್ನ ಹಿಂಡಿಪಲ್ಯವನ್ನು ಕೇಳಿ ಕೇಳಿ ಹಾಕಿಸಿಕೊಂಡು ತಿನ್ನುತ್ತಿದ್ದರು. ತಮ್ಮ ಹೈದರಾಬಾದಿನ ಅತ್ತೆಯ ನಡಿಗೆ ಮಾಡಿ ತೋರಿಸುತ್ತಿದ್ದರು. ಒಂದು ಸಂಜೆ ನೀರಿನಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವಳು ಥಟ್ಟನೆ ನಿಂತೆ. ನೀವು ಹೋಗಿ ಇನ್ನೂ ಎಷ್ಟು ದಿನ ಆಗಿತ್ತು? ಬೇಗಂ ನನ್ನ ಮುಖ ನೋಡಿ, ನನ್ನ ಬೆನ್ನಿಗೆ ನೀರು ಹೊಯ್ದರು. ಆಮೇಲೆ ನಾನು ನಿಮ್ಮ ವಿಷಯ ಹೇಳಿದೆ. ನೀವು ಶಾಲೆಯ ಬಾಗಿಲಲ್ಲಿ ಮಾಸ್ತರರಿಗೆ ಬೆಣ್ಣೆಯ ಗಡಿಗೆ ಕೊಟ್ಟು, ಇವಳಿಗೆ ಅಕ್ಷರ ಬರುವವರೆಗೆ ನಾನು ದಿನಾ ಬಂದು ಇಲ್ಲೇ ಕೂಡುತ್ತೇನೆ ಎಂದು ಹೆದರಿಸಿದ್ದನ್ನೂ ಹೇಳಿದೆ. ಅವರೂ ನಕ್ಕರು. ನಿಮ್ಮ ಹೆಸರಿನಲ್ಲಿ ನಗುವುದು ತಪ್ಪಲ್ಲ ಅನ್ನಿಸಿತು.

ನಮ್ಮ ತಾಲೂಕಿನ ಕಿಣ್ಣಿ ಸುಲ್ತಾನ ಎಂಬ ಊರಿಗೆ ಬಂದ ಮೇಲೆಯೇ ಕೆಲಸ ಕಠಿಣವಾದದ್ದು. ಊರ ಮೇಲಿನ ಕಲ್ಲುದಿಬ್ಬದ ಗಾಯರಾಣದಲ್ಲಿ ಒಂದಿಷ್ಟು ನೆಲಕ್ಕೆ ಜಾಲಿಮುಳ್ಳಿನ ಬೇಲಿ ಹಾಕಿದೆವು. ಒಳಗೆ ದನ ಹೋಗಬಾರದು, ಹೊರಗೆ ಎಂದಿನಂತೆ ಮೇಯಬೇಕು. ಮಳೆ ಬಿದ್ದ ಮೇಲೆ ಎರಡೂ ಕಡೆ ಎಣಿಸಿ ಹೋಲಿಸಬೇಕು. ಗೌಡರ ಒಪ್ಪಿಗೆ ಸಿಕ್ಕಿತ್ತು. ಮೂರನೆಯ ಬೆಳಿಗ್ಗೆ ಹೋಗಿ ನೋಡಿದರೆ ಮುಳ್ಳೆಲ್ಲ ಕಿತ್ತು ಬಿಸಾಡಿದ್ದರು, ಒಳಗೆ ಎಮ್ಮೆ, ಮೇಕೆ. ಕಿತ್ತವಳು ಯಾರೆಂದು ಯಾರೂ ಮುಚ್ಚಿಡಲಿಲ್ಲ. ಮಲ್ಲಮ್ಮ ಅಂತ, ನಿಮ್ಮಷ್ಟೇ ವಯಸ್ಸು, ಹಾಲು ಮಾರಿ ಮನೆ ನಡೆಸುವಾಕೆ. ಮಾಧವನಿಗೆ ಸಿಟ್ಟು ಬಂತು, ತಹಸೀಲ್ದಾರರಿಗೆ ದೂರು ಕೊಡೋಣ ಎಂದ. ಸಾಹೇಬರು ಗಡ್ಡ ತುರಿಸುತ್ತ ಕೂತರು. ದೂರು ಹೋದರೆ ಬೇಲಿ ಉಳಿಯುತ್ತದೆ, ಆದರೆ ಆ ಊರಲ್ಲಿ ನಮ್ಮ ಜೊತೆ ಮಾತಾಡುವವರು ಉಳಿಯುವುದಿಲ್ಲ. ಮೊದಲು ನಾನೊಬ್ಬಳೇ ಹೋಗಿ ಬರುತ್ತೇನೆ ಎಂದೆ.

ಮಲ್ಲಮ್ಮ ಅಂಗಳದಲ್ಲಿ ಮಜ್ಜಿಗೆ ಕಡೆಯುತ್ತಿದ್ದಳು. ಕೂಡು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ನಾನು ಎದುರಿಗೆ ಕೂತು ಕಡೆಗೋಲಿನ ಹಗ್ಗದ ಒಂದು ತುದಿ ಹಿಡಿದೆ. ಹಳೆಯ ರೂಢಿ, ಕೈ ತಾನಾಗಿ ಹೋಯಿತು. ಇಬ್ಬರೂ ಸ್ವಲ್ಪ ಹೊತ್ತು ಕಡೆದೆವು. ಆಮೇಲೆ ಬೇಲಿ ಏತಕ್ಕೆಂದು ನಿಧಾನಕ್ಕೆ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವಳು ಕಡೆಯುವುದನ್ನು ನಿಲ್ಲಿಸಿದಳು.

"ಎಣಿಕಿ ಮುಗದ ಮ್ಯಾಲ ನೀವು ನಿಮ್ಮೂರಿಗಿ ಹೋಗ್ತೀರಿ, ಅಕ್ಕೋರೇ. ನನ್ನ ಎಮ್ಮಿ ಎಲ್ಲಿಗಿ ಹೋಗಬೇಕು?"

ಎಮ್ಮೆ ದಿನಾ ಎಲ್ಲಿ ಹೋಗುತ್ತದೆ, ತೋರಿಸಿ ಎಂದೆ. ಅವಳ ಜೊತೆ ದಿಬ್ಬಕ್ಕೆ ನಡೆದೆ. ದನ ಹಳ್ಳಕ್ಕೆ ನೀರಿಗೆ ಇಳಿಯುವ ದಾರಿಗೇ ನಾವು ಅಡ್ಡ ಬೇಲಿ ಹಾಕಿದ್ದೆವು. ಅದು ನಮಗೆ ಯಾರಿಗೂ ಕಂಡಿರಲಿಲ್ಲ. ತಿರುಗಿ ಬಂದು ಸಾಹೇಬರಿಗೆ ಹೇಳಿದಾಗ ಅವರು, "ಹಾಗಾದರೆ ಏನು ಮಾಡೋಣ?" ಎಂದು ಉರ್ದುವಿನಲ್ಲಿ ಕೇಳಿದರು. ನನ್ನನ್ನು, ಅತ್ತೆ. ಪಕ್ಕದಲ್ಲಿ ಮಾಧವ ಇದ್ದ, ಗೌಡರ ಆಳು ಇದ್ದ. ಅವರು ಕೇಳಿದ್ದು ನನ್ನನ್ನು. ಬೇಲಿಯನ್ನು ದಾರಿಯಿಂದ ಆಚೆಗೆ ಸರಿಸೋಣ, ಒಳಗೆ ಬೆಳೆದ ಹುಲ್ಲನ್ನು ದಸರಾ ಆದ ಮೇಲೆ ಈ ಊರ ಹಾಲಿನ ಹೆಣ್ಣುಮಕ್ಕಳೇ ಕುಡುಗೋಲಿನಿಂದ ಕೊಯ್ದುಕೊಳ್ಳಲಿ ಎಂದೆ. ನಮಗೆ ಬೇಕಾದದ್ದು ಎಣಿಕೆ. ಅವರಿಗೆ ಬೇಕಾದದ್ದು ಮೇವು. ಸಾಹೇಬರು ಹನುಮಪ್ಪನ ಗುಡಿಯ ಕಟ್ಟೆಯ ಮುಂದೆ ನಿಂತು ನಾಲ್ಕು ಜನರ ಎದುರು ಆ ಮಾತು ಕೊಟ್ಟರು. ಅದನ್ನು ಕನ್ನಡದಲ್ಲಿ ಜೋರಾಗಿ ಹೇಳಿದವಳು ನಾನು. ಮರುದಿನ ಮುಳ್ಳು ಹೊತ್ತು ತಂದವರಲ್ಲಿ ಮಲ್ಲಮ್ಮನೂ ಇದ್ದಳು.

ಮುಂಗಾರಿನ ಮಿರಗದ ಮಳೆ ಬಿದ್ದದ್ದು ನಾವು ಗಂಟುಮೂಟೆ ಕಟ್ಟುವ ಹೊತ್ತಿಗೆ. ಒಂದೇ ವಾರದಲ್ಲಿ ಆ ಬೋಳುದಿಬ್ಬ ಗಿಣಿಯ ಬೆನ್ನಿನಂತಾಯಿತು. ಒಣ ಬುಡಗಳ ನಡುವಿಂದ ಸೂಜಿಯಂಥ ಎಲೆಗಳು. ಬೇಲಿಯ ಒಳಗೆ ಚೌಕಟ್ಟು ಇಟ್ಟು ಎಣಿಸಲು ಕೂತರೆ ಏಳಲು ಮನಸ್ಸಾಗಲಿಲ್ಲ. ಮಳೆಗೆ ಮೈಯೆಲ್ಲ ನೆನೆದಿತ್ತು, ಮಂಡಿಗೆ ಕೆಸರು ಮೆತ್ತಿತ್ತು. ಹೆರಳಿಗೆ ಮಣ್ಣು, ಕೈಗೆ ಹಸಿರು ಬಣ್ಣ. ಆ ದಿನ ನನ್ನಂಥ ಸುಖಿ ಈ ಮೂರು ತಾಲೂಕಿನಲ್ಲಿ ಮತ್ತೊಬ್ಬಳಿದ್ದಳೇ? ಗೊತ್ತಿಲ್ಲ. ದಸರಾ ಆದ ಮೇಲೆ ಮಲ್ಲಮ್ಮ ಆಳಂದದ ಸಂತೆಗೆ ಬಂದವಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಬೇಲಿಯೊಳಗಿನ ಹುಲ್ಲು ಸೊಂಟದವರೆಗೆ ಬಂದಿತ್ತಂತೆ, ಬಣವೆ ಹಾಕಿದ್ದಾರಂತೆ. ಒಂದು ಉಂಡೆ ಬೆಣ್ಣೆ ಕೊಟ್ಟು ಹೋದಳು.

ದಸರೆಗೂ ಮೊದಲು, ಆ ಶ್ರಾವಣದಲ್ಲೇ ಸೊಲ್ಲಾಪುರದ ಕಡೆ ಸ್ವಾತಂತ್ರ್ಯ ಬಂತೆಂದು ಬಾವುಟ ಹಾರಿಸಿದರು. ಹೈದರಾಬಾದಿನ ಆಳ್ವಿಕೆಯ ನಮ್ಮ ಕಡೆ ಹಾರಲಿಲ್ಲ. ಮರುವರ್ಷ ಬೇಸಿಗೆಗೆ ತಂಡ ಬರುವ ಮಾತೇ ಇರಲಿಲ್ಲ. ಗಡಿಯ ಊರುಗಳಲ್ಲಿ ಸುಲಿಗೆ, ಬೆಂಕಿ. ಸಣ್ಣ ಮಾವನವರ ಮನೆಯವರೆಲ್ಲರ ಜೊತೆ ನಾನೂ ಗಡಿ ದಾಟಿ ಸೊಲ್ಲಾಪುರದ ಹತ್ತಿರ ಡೇರೆಯಲ್ಲಿ ಇದ್ದೆ. ಆ ದಿನಗಳ ವಿಷಯ ನಿಮಗೆ ಹೇಳಿ ನೋಯಿಸುವುದಿಲ್ಲ. ಭಾದ್ರಪದದಲ್ಲಿ ಹಿಂದೂಸ್ತಾನದ ದಂಡು ಬಂತು, ನಾವು ತಿರುಗಿ ಬಂದೆವು. ನಮ್ಮ ಮನೆ ನೆಟ್ಟಗಿತ್ತು. ಆದರೆ ಆಮೇಲೆ ಕೆಲವು ಊರುಗಳಲ್ಲಿ ಮುಸಲ್ಮಾನರ ಮನೆಗಳ ಮೇಲೆ ಆದದ್ದನ್ನು ಕೇಳಿದಾಗ ಸಾಹೇಬರು, ಬೇಗಂ ಎಲ್ಲಿದ್ದಾರೋ, ಹೇಗಿದ್ದಾರೋ ಎಂಬ ಚಿಂತೆ ಹತ್ತಿತು.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಶಾಲೆಯ ಬಾಗಿಲಲ್ಲಿ ನಿಂತಿದ್ದವರನ್ನು ನಾನು ತಟ್ಟನೆ ಗುರುತಿಸಲಿಲ್ಲ. ಸಾಹೇಬರು ಇಳಿದುಹೋಗಿದ್ದರು. ಗಡ್ಡ ಬೆಳ್ಳಗಾಗಿತ್ತು. ಬೇಗಂ ಕ್ಷೇಮ ಎಂಬುದನ್ನೇ ಮೊದಲು ಹೇಳಿದರು. ಮನೆಗೆ ಕರೆದುಕೊಂಡು ಬಂದೆ. ಸಣ್ಣ ಮಾವನವರು ತಾವೇ ಕೈಗೆ ನೀರು ಕೊಟ್ಟು, ತಮ್ಮ ಗಾಡಿ ಕಟ್ಟಿಸಿ, ಕಿಣ್ಣಿ ಸುಲ್ತಾನದವರೆಗೆ ಜೊತೆಗೇ ಬಂದರು. ದಾರಿಯುದ್ದಕ್ಕೂ ನನಗೆ ಒಂದೇ ಹೆದರಿಕೆ. ಇಷ್ಟೆಲ್ಲ ಆದ ವರ್ಷದಲ್ಲಿ ಆ ಮುಳ್ಳಿನ ಬೇಲಿ ಯಾರಿಗೆ ಬೇಕಾಗಿತ್ತು? ದಿಬ್ಬ ಹತ್ತಿ ನೋಡಿದರೆ ಬೇಲಿ ಇತ್ತು. ಇದ್ದದ್ದಷ್ಟೇ ಅಲ್ಲ, ಹಳ್ಳದ ಆ ದಂಡೆಯಲ್ಲಿ ಇನ್ನೊಂದು ಬೇಲಿ ಹೊಸದಾಗಿ ಎದ್ದಿತ್ತು. ಒಂದು ವರ್ಷ ಇಲ್ಲಿ ಕೊಯ್ದರೆ ಅಲ್ಲಿ ಮೇಯಿಸುವುದು, ಮರುವರ್ಷ ಅದಲುಬದಲು ಎಂದು ಹೆಣ್ಣುಮಕ್ಕಳೇ ಗೊತ್ತುಮಾಡಿಕೊಂಡಿದ್ದರು. ಸಾಹೇಬರು ಕೊಯ್ದ ಬುಡಗಳ ನಡುವೆ ಮಂಡಿಯೂರಿ ಕೂತು ಒಂದೊಂದನ್ನೇ ಮುಟ್ಟಿ ನೋಡಿದರು. ಮಲ್ಲಮ್ಮ ಅವರಿಗೆ ರೊಟ್ಟಿ, ಮೊಸರು ತಂದಿಟ್ಟು, ಸೆರಗು ಎಳೆದುಕೊಳ್ಳದೆ ಎದುರಿಗೇ ಕೂತು ಉಣ್ಣಿಸಿದಳು.

ಇನ್ನು ನೀವು ಕೇಳದ ಸುದ್ದಿ. ಬರುವ ಬೇಸಿಗೆಗೆ ಸಾಹೇಬರು ಮತ್ತೆ ತಂಡ ಕಟ್ಟುತ್ತಾರೆ; ಆಳಂದ ತಾಲೂಕಿನ ಎಣಿಕೆ ಪೂರ್ತಿ ನನ್ನದು. ಜೊತೆಗೆ ಒಬ್ಬ ಹೆಣ್ಣುಮಗಳು ಬೇಕು, ನೀವೇ ಆರಿಸಿಕೊಳ್ಳಿ ಎಂದರು. ಮಲ್ಲಮ್ಮನ ಸೊಸೆ ಒಬ್ಬಳಿದ್ದಾಳೆ. ಗಂಡ ಸೊಲ್ಲಾಪುರದ ಗಿರಣಿಯಲ್ಲಿ, ಇವಳು ಇಲ್ಲಿ. ನಾನು ಚೌಕಟ್ಟು ಇಟ್ಟಾಗಲೆಲ್ಲ ಹುಲ್ಲಿನ ಹೊರೆ ಇಳಿಸಿ ನಿಂತು ನೋಡುತ್ತಿದ್ದವಳು. ನಿನ್ನೆ ಅವರ ಮನೆಗೆ ಹೋಗಿ ಕೇಳಿದೆ. ಮಲ್ಲಮ್ಮ ಊರು ಏನನ್ನುತ್ತದೆ ಎಂದುಬಿಟ್ಟರೆ? ಅವಳು ಸೊಸೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು.

"ಬರೇ ಎಣಸಾಕ ಒಯ್ಯಬ್ಯಾಡ್ರಿ. ಎಣಸಿದ್ದನ್ನ ಅಕಿನೇ ಬರಿಯೂಹಂಗ ಮಾಡ್ರಿ."

ಸೋಮವಾರದಿಂದ ಹಾಲಿನ ಗಾಡಿಯ ಜೊತೆ ಆಳಂದಕ್ಕೆ ಬರುತ್ತಾಳೆ, ಶಾಲೆ ಬಿಟ್ಟ ಮೇಲೆ ನಮ್ಮ ಕಟ್ಟೆಯ ಮೇಲೆ ಪಾಠ. ಬೇಸಿಗೆಯೊಳಗೆ ಅಕ್ಷರ ಹತ್ತಿಸಿಯೇ ತೀರುತ್ತೇನೆ, ನನ್ನ ಮಾತು. ಅವಳ ಹೆಸರು ಈರಮ್ಮ, ಅತ್ತೆ. ಮೊದಲು ಅದನ್ನೇ ಬರೆಯಲು ಕಲಿಸುತ್ತೇನೆ.

ನಿಮ್ಮ ಸೊಸೆ,
ನೀಲಮ್ಮ